ಕೊಲೆ ಆರೋಪಿಯ ಪರ ವಕೀಲರು ಯಾಕೆ ನಿಲ್ಲುತ್ತಾರೆ? ಮುನ್ನೂರು ವರ್ಷದ ಕತೆ

ಕೊಲೆ ಕೇಸಿನ ಸುದ್ದಿ ಬಂದಾಗಲೆಲ್ಲ ಊರಿನ ಚಹಾ ಅಂಗಡಿಯಲ್ಲಿ ಒಂದು ಮಾತು ಬಂದೇ ಬರುತ್ತದೆ. "ಅಂಥವನ ಪರ ನಿಲ್ಲೋಕೆ ಆ ವಕೀಲರಿಗೆ ಮನಸ್ಸಾದ್ರೂ ಹೇಗೆ ಬರುತ್ತೆ?" ಜಿಲ್ಲಾ ಕೋರ್ಟಿನ ಸುದ್ದಿ ಬರೆಯುವ ನನಗೆ ಈ ಪ್ರಶ್ನೆಯನ್ನು ಎಷ್ಟು ಜನ ಕೇಳಿದ್ದಾರೋ ಲೆಕ್ಕವಿಲ್ಲ. ಹೆಣ ಕಣ್ಣ ಮುಂದೆ ಇರುವಾಗ, ಸತ್ತವರ ಮನೆಯವರು ಅಳುತ್ತಿರುವಾಗ ಹಾಗೆ ಅನ್ನಿಸುವುದು ಸಹಜ.

ಇದಕ್ಕೆ "ಕಾನೂನಿನಲ್ಲಿ ಹಾಗಿದೆ" ಅಂತ ಒಂದೇ ಸಾಲಿನ ಉತ್ತರ ಕೊಟ್ಟರೆ ಯಾರಿಗೂ ಸಮಾಧಾನ ಆಗುವುದಿಲ್ಲ. ಆ ಕಾನೂನು ಹೇಗೆ ಬಂತು, ಅದು ಇಲ್ಲದಿದ್ದ ಕಾಲದಲ್ಲಿ ಏನಾಗುತ್ತಿತ್ತು ಅಂತ ನೋಡಿದರೆ ಮಾತು ಅರ್ಥವಾಗುತ್ತದೆ. ನಮ್ಮ ಕೋರ್ಟುಗಳ ಕಪ್ಪು ಗೌನು, ಪಾಟಿ ಸವಾಲು, ಅನುಮಾನದ ಲಾಭ ಇವೆಲ್ಲ ಇಂಗ್ಲೆಂಡಿನಿಂದ ಬಂದವು. ಹಾಗಾಗಿ ಈ ಕತೆಯನ್ನೂ ಅಲ್ಲಿಂದಲೇ ಶುರು ಮಾಡಬೇಕು.

ಬ್ಯಾರಿಸ್ಟರ್ ಅಂದರೆ ಯಾರು?

ನಮ್ಮಲ್ಲಿ ಕಕ್ಷಿದಾರನ ಜೊತೆ ಮಾತಾಡಿ, ಕಾಗದ ಪತ್ರ ಸಿದ್ಧ ಮಾಡಿ, ಕೋರ್ಟಿನಲ್ಲಿ ವಾದ ಮಾಡುವವರು ಒಬ್ಬರೇ ವಕೀಲರು. ಇಂಗ್ಲೆಂಡಿನಲ್ಲಿ ಈ ಕೆಲಸ ಎರಡು ಭಾಗವಾಗಿದೆ. ಕಕ್ಷಿದಾರ ಮೊದಲು ಹೋಗುವುದು ಸಾಲಿಸಿಟರ್ ಬಳಿಗೆ. ಅವರು ಕೇಸಿನ ಕಾಗದಗಳನ್ನು ಕಟ್ಟಿ ಬ್ಯಾರಿಸ್ಟರ್‌ಗೆ ಕೊಡುತ್ತಾರೆ. ದೊಡ್ಡ ಕೋರ್ಟಿನಲ್ಲಿ ಎದ್ದು ನಿಂತು ವಾದ ಮಾಡುವುದು ಬ್ಯಾರಿಸ್ಟರ್ ಕೆಲಸ. ಲಂಡನ್ನಿನಲ್ಲಿ ಲಿಂಕನ್ಸ್ ಇನ್, ಇನ್ನರ್ ಟೆಂಪಲ್, ಮಿಡಲ್ ಟೆಂಪಲ್, ಗ್ರೇಸ್ ಇನ್ ಅಂತ ನಾಲ್ಕು ಹಳೆಯ ಸಂಸ್ಥೆಗಳಿವೆ. ಇವುಗಳಲ್ಲಿ ಒಂದರ ಸದಸ್ಯರಾದವರು ಮಾತ್ರ ಬ್ಯಾರಿಸ್ಟರ್ ಆಗಬಹುದು. ಗಾಂಧೀಜಿ 1891ರಲ್ಲಿ ಇನ್ನರ್ ಟೆಂಪಲ್‌ನಿಂದ, ಅಂಬೇಡ್ಕರ್ 1922ರಲ್ಲಿ ಗ್ರೇಸ್ ಇನ್‌ನಿಂದ ಬ್ಯಾರಿಸ್ಟರ್ ಆದವರು.

ನಮಗೆ ವಿಚಿತ್ರ ಅನ್ನಿಸುವ ಸಂಗತಿ ಇನ್ನೊಂದಿದೆ. ನಮ್ಮ ಸೆಷನ್ಸ್ ಕೋರ್ಟಿನಲ್ಲಿ ಸರ್ಕಾರದ ಪರ ಪಬ್ಲಿಕ್ ಪ್ರಾಸಿಕ್ಯೂಟರ್ ಇರುತ್ತಾರೆ, ಆರೋಪಿಯ ಪರ ಬೇರೆ ವಕೀಲರು ಇರುತ್ತಾರೆ. ಇಂಗ್ಲೆಂಡಿನಲ್ಲಿ ಒಬ್ಬರೇ ಬ್ಯಾರಿಸ್ಟರ್ ಈ ತಿಂಗಳು ಒಂದು ಕೊಲೆ ಕೇಸಿನಲ್ಲಿ ಆರೋಪಿಗೆ ಶಿಕ್ಷೆ ಕೊಡಿ ಅಂತ ವಾದಿಸುತ್ತಾರೆ. ಮುಂದಿನ ತಿಂಗಳು ಇನ್ನೊಂದು ಕೊಲೆ ಕೇಸಿನಲ್ಲಿ ಆರೋಪಿಯನ್ನು ಬಿಡಿ ಅಂತ ವಾದಿಸುತ್ತಾರೆ. ಹಾಗೆ ಮಾಡುವವರನ್ನು ಅಲ್ಲಿ ಯಾರೂ ಎರಡು ನಾಲಿಗೆಯವರು ಅನ್ನುವುದಿಲ್ಲ.

ಅವರಲ್ಲಿ ಒಂದು ಹಳೆಯ ನಿಯಮವಿದೆ. ಅದರ ಹೆಸರು ಬಂದಿರುವುದು ಬಾಡಿಗೆ ಕುದುರೆಗಾಡಿಗಳ ಸಾಲಿನಿಂದ. ನಮ್ಮ ಆಟೋ ಸ್ಟ್ಯಾಂಡ್ ನೆನೆಸಿಕೊಳ್ಳಿ. ಸಾಲಿನಲ್ಲಿ ಮೊದಲು ನಿಂತ ಆಟೋದವರು ಬಂದ ಗಿರಾಕಿಯನ್ನು ಹತ್ತಿಸಿಕೊಳ್ಳಬೇಕು. "ನಿನ್ನ ಮುಖ ನನಗೆ ಹಿಡಿಸಲಿಲ್ಲ, ಇಳಿ" ಅನ್ನುವಂತಿಲ್ಲ. ಹಾಗೆಯೇ ತನಗೆ ಗೊತ್ತಿರುವ ವಿಷಯದ ಕೇಸು ಬಂದರೆ, ಸಮಯ ಇದ್ದರೆ, ತಕ್ಕ ಫೀಸು ಕೊಟ್ಟರೆ ಬ್ಯಾರಿಸ್ಟರ್ ಆ ಕೇಸನ್ನು ತೆಗೆದುಕೊಳ್ಳಬೇಕು. ಕಕ್ಷಿದಾರ ಕೆಟ್ಟವನು, ಊರೇ ಅವನನ್ನು ಬೈಯುತ್ತಿದೆ ಅನ್ನುವುದು ಬೇಡ ಅನ್ನಲು ಕಾರಣವಲ್ಲ.

ಈ ನಿಯಮದ ಹಿಂದೆ ಬಹಳ ಜನರ ಕುತ್ತಿಗೆಯ ಕತೆ ಇದೆ.

ಕುರಿ ಕದ್ದರೆ ನೇಣು, ವಕೀಲರಿಲ್ಲ

1700ರ ಸುಮಾರಿನ ಲಂಡನ್. ಅಲ್ಲಿನ ದೊಡ್ಡ ಕ್ರಿಮಿನಲ್ ಕೋರ್ಟಿಗೆ ಓಲ್ಡ್ ಬೇಲಿ ಅಂತ ಹೆಸರು. ಆ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಕೊಲೆಗೆ ಮಾತ್ರವಲ್ಲ, ಅಂಗಡಿಯಿಂದ ಐದು ಶಿಲ್ಲಿಂಗ್ ಬೆಲೆಯ ಮಾಲು ಕದ್ದರೂ ನೇಣು ಹಾಕಬಹುದಿತ್ತು. 1741ರಲ್ಲಿ ಕುರಿ ಕಳ್ಳತನಕ್ಕೂ ಮರಣದಂಡನೆ ಬಂತು. ಅದು ಹೋದದ್ದು 1832ರಲ್ಲಿ.

ಇಂಥ ಕೇಸುಗಳಲ್ಲಿ ಆರೋಪಿಗೆ ವಕೀಲರನ್ನು ಇಟ್ಟುಕೊಳ್ಳುವ ಹಕ್ಕೇ ಇರಲಿಲ್ಲ. ಜಮೀನಿನ ತಕರಾರಿಗೆ ವಕೀಲರು ಬರಬಹುದಿತ್ತು. ಸಣ್ಣ ಅಪರಾಧಕ್ಕೂ ಬರಬಹುದಿತ್ತು. ಪ್ರಾಣ ಹೋಗುವಂಥ ಅಪರಾಧದ ಆರೋಪ ಬಂದರೆ ಮಾತ್ರ ಆರೋಪಿ ಒಬ್ಬನೇ ನಿಂತು ಮಾತಾಡಬೇಕಿತ್ತು. ಕಾನೂನಿನ ಯಾವುದೋ ಸೂಕ್ಷ್ಮ ಪ್ರಶ್ನೆ ಎದ್ದರೆ ಮಾತ್ರ ವಕೀಲರಿಗೆ ಅವಕಾಶ. ನಡೆದದ್ದು ಏನು ಅನ್ನುವ ವಿಷಯದಲ್ಲಿ ಇಲ್ಲ.

ಇದಕ್ಕೆ ಅವರು ಕೊಡುತ್ತಿದ್ದ ಕಾರಣ ಕೇಳಲು ಚೆನ್ನಾಗಿತ್ತು. ನಿರಪರಾಧಿಗೆ ವಕೀಲರು ಯಾಕೆ ಬೇಕು, ಸತ್ಯ ಹೇಳಲು ಕಲಿತ ಮಾತು ಬೇಕಿಲ್ಲ, ಅವನ ಮುಖವೇ ಹೇಳುತ್ತದೆ ಅನ್ನುತ್ತಿದ್ದರು. ನ್ಯಾಯಾಧೀಶರೇ ಆರೋಪಿಯನ್ನು ಕಾಯುತ್ತಾರೆ ಅಂತಲೂ ಹೇಳುತ್ತಿದ್ದರು.

ಆಚರಣೆಯಲ್ಲಿ ಆಗುತ್ತಿದ್ದದ್ದೇ ಬೇರೆ. ಜೈಲಿನಲ್ಲಿ ವಾರಗಟ್ಟಲೆ ಕೊಳೆತು ಬಂದವನು, ಓದು ಬರಹ ಗೊತ್ತಿಲ್ಲದವನು, ತನ್ನ ಮೇಲೆ ಯಾರು ಏನು ಸಾಕ್ಷಿ ಹೇಳುತ್ತಾರೆ ಅನ್ನುವುದೂ ತಿಳಿಯದವನು ನೇರವಾಗಿ ಕಟಕಟೆಯಲ್ಲಿ ನಿಲ್ಲುತ್ತಿದ್ದ. ಒಂದೊಂದು ವಿಚಾರಣೆ ಅರ್ಧ ಗಂಟೆಯೊಳಗೆ ಮುಗಿಯುತ್ತಿದ್ದುದೇ ಹೆಚ್ಚು. ಹನ್ನೆರಡು ಜನ ನಾಗರಿಕರ ಜ್ಯೂರಿ ಗುಸುಗುಸು ಮಾತಾಡಿ ತೀರ್ಮಾನ ಹೇಳುತ್ತಿತ್ತು. ಅಷ್ಟರಲ್ಲಿ ಮುಂದಿನವನನ್ನು ಕರೆತರುತ್ತಿದ್ದರು.

1696ರಲ್ಲಿ ಒಂದು ಬದಲಾವಣೆ ಆಯಿತು. ರಾಜದ್ರೋಹದ ಆರೋಪ ಹೊತ್ತವರಿಗೆ ಮಾತ್ರ ವಕೀಲರನ್ನು ಇಟ್ಟುಕೊಳ್ಳುವ ಹಕ್ಕು ಸಿಕ್ಕಿತು. ರಾಜದ್ರೋಹದ ಆರೋಪ ಬರುತ್ತಿದ್ದುದು ಸಾಮಾನ್ಯವಾಗಿ ದೊಡ್ಡ ಮನೆತನದವರ ಮೇಲೆ, ರಾಜಕೀಯದವರ ಮೇಲೆ. ಕಾನೂನು ಮಾಡುವವರಿಗೆ ತಮ್ಮ ಕುತ್ತಿಗೆಯ ಚಿಂತೆ ಮೊದಲು ಬಂತು. ಕುರಿ ಕಳ್ಳನ ಸರದಿ ಬರಲು ಇನ್ನೂ 140 ವರ್ಷ ಬೇಕಾಯಿತು.

ಬಹುಮಾನಕ್ಕಾಗಿ ಸುಳ್ಳು ಸಾಕ್ಷಿ

ಆಗ ಇಂಗ್ಲೆಂಡಿನಲ್ಲಿ ಈಗಿನಂಥ ಪೊಲೀಸರು ಇರಲಿಲ್ಲ. ಸರ್ಕಾರಿ ಪ್ರಾಸಿಕ್ಯೂಟರ್ ಕೂಡ ಇರಲಿಲ್ಲ. ಕಳ್ಳತನ ಆದರೆ ಕಳೆದುಕೊಂಡವನೇ ಕಳ್ಳನನ್ನು ಹುಡುಕಿ, ಸಾಕ್ಷಿ ಕೂಡಿಸಿ, ಕೋರ್ಟಿನಲ್ಲಿ ಕೇಸು ನಡೆಸಬೇಕಿತ್ತು. ಕಳ್ಳರನ್ನು ಹಿಡಿಯಲಿ ಅಂತ ಸರ್ಕಾರ ಬಹುಮಾನ ಇಟ್ಟಿತು. ಹೆದ್ದಾರಿ ದರೋಡೆಕೋರನಿಗೆ ಶಿಕ್ಷೆ ಆದರೆ 40 ಪೌಂಡ್. ಕೂಲಿಯವನೊಬ್ಬ ವರ್ಷವಿಡೀ ದುಡಿದರೂ ಅಷ್ಟು ಹಣ ಕಾಣುತ್ತಿರಲಿಲ್ಲ.

ಬಹುಮಾನ ಸಿಗುತ್ತಿದ್ದುದು ಕಳ್ಳನನ್ನು ಹಿಡಿದದ್ದಕ್ಕಲ್ಲ, ಶಿಕ್ಷೆ ಆದದ್ದಕ್ಕೆ. ಹಾಗಾಗಿ ಶಿಕ್ಷೆ ಕೊಡಿಸುವುದೇ ಕೆಲವರ ಕಸುಬಾಯಿತು. ಕಳ್ಳ ಹಿಡಿಯುವವನೆಂದು ಹೆಸರಾಗಿದ್ದ ಜೊನಾಥನ್ ವೈಲ್ಡ್ ಅನ್ನುವವನು ಕದ್ದ ಮಾಲಿನ ವ್ಯಾಪಾರವನ್ನೂ ತಾನೇ ನಡೆಸುತ್ತಿದ್ದ. 1725ರಲ್ಲಿ ಅವನನ್ನೇ ನೇಣು ಹಾಕಿದರು. 1732ರಲ್ಲಿ ಜಾನ್ ವಾಲರ್ ಎಂಬವನು ಬಹುಮಾನದ ಆಸೆಗೆ ಅಮಾಯಕರ ಮೇಲೆ ಸುಳ್ಳು ದರೋಡೆ ಆರೋಪ ಹೊರಿಸಿದ್ದು ಸಾಬೀತಾಯಿತು. ಶಿಕ್ಷೆಗಾಗಿ ಅವನನ್ನು ಬೀದಿಯಲ್ಲಿ ನಿಲ್ಲಿಸಿದಾಗ ಜನ ಹೊಡೆದು ಕೊಂದರು. 1754ರಲ್ಲಿ ಮ್ಯಾಕ್‌ಡೇನಿಯಲ್ ಅನ್ನುವವನ ಗುಂಪು ಬಯಲಿಗೆ ಬಂತು. ಅವರು ಬಡ ಹುಡುಗರನ್ನು ಪುಸಲಾಯಿಸಿ ದರೋಡೆಯ ನಾಟಕ ಕಟ್ಟಿ, ಅವರನ್ನೇ ಹಿಡಿದುಕೊಟ್ಟು ಹಣ ಪಡೆಯುತ್ತಿದ್ದರು. ಅಷ್ಟರಲ್ಲಿ ಜಾಶುವಾ ಕಿಡನ್ ಎಂಬ ನಿರಪರಾಧಿ ನೇಣಿಗೇರಿ ಆಗಿತ್ತು.

"ನಿರಪರಾಧಿಯ ಮುಖವೇ ಹೇಳುತ್ತದೆ" ಅನ್ನುವ ಮಾತು ಇಲ್ಲಿ ಬಿದ್ದುಹೋಯಿತು. ಹಣಕ್ಕೆ ಸುಳ್ಳು ಹೇಳುವ ಸಾಕ್ಷಿಯನ್ನು ಪ್ರಶ್ನೆ ಮಾಡಿ ಬಯಲು ಮಾಡಲು ಕಸುಬು ಬಲ್ಲವರೇ ಬೇಕಿತ್ತು. 1730ರ ದಶಕದಿಂದ ನ್ಯಾಯಾಧೀಶರು ಬ್ಯಾರಿಸ್ಟರ್‌ಗಳಿಗೆ ಆರೋಪಿಯ ಪರ ಸಾಕ್ಷಿಗಳ ಪಾಟಿ ಸವಾಲು ಮಾಡಲು ಬಿಡತೊಡಗಿದರು. ಆದರೆ ಜ್ಯೂರಿಯನ್ನು ಉದ್ದೇಶಿಸಿ ಭಾಷಣ ಮಾಡುವಂತಿರಲಿಲ್ಲ. ಪ್ರಶ್ನೆ ಕೇಳಬಹುದು, ಕೂತುಕೊಳ್ಳಬೇಕು.

ಪ್ರಶ್ನೆಯಲ್ಲೇ ವಾದ ಮಾಡಿದ ಗ್ಯಾರೋ

ಆ ಚಿಕ್ಕ ಬಾಗಿಲಿನಲ್ಲಿ ದೊಡ್ಡದಾಗಿ ನುಗ್ಗಿದವರು ವಿಲಿಯಂ ಗ್ಯಾರೋ. 1760ರಲ್ಲಿ ಹುಟ್ಟಿದ ಅವರು 1783ರಲ್ಲಿ ಬ್ಯಾರಿಸ್ಟರ್ ಆಗಿ ಓಲ್ಡ್ ಬೇಲಿಗೆ ಬಂದರು. ಭಾಷಣ ಮಾಡುವಂತಿಲ್ಲವಲ್ಲ, ಹಾಗಾಗಿ ಪ್ರಶ್ನೆಯನ್ನೇ ಭಾಷಣ ಮಾಡಿಕೊಂಡರು. ಬಹುಮಾನದ ಆಸೆಗೆ ಬಂದ ಸಾಕ್ಷಿಯನ್ನು ನಿಲ್ಲಿಸಿಕೊಂಡು, ಶಿಕ್ಷೆ ಆದರೆ ನಿನಗೆಷ್ಟು ಹಣ ಸಿಗುತ್ತದೆ, ಹಿಂದೆ ಎಷ್ಟು ಸಲ ಹೀಗೆ ಸಾಕ್ಷಿ ಹೇಳಿದ್ದೀಯ ಅಂತ ಒಂದರ ಹಿಂದೆ ಒಂದು ಕೇಳುತ್ತಿದ್ದರು. ಜ್ಯೂರಿಗೆ ಏನು ತಿಳಿಯಬೇಕೋ ಅದು ತಿಳಿಯುತ್ತಿತ್ತು.

ಪ್ರತಿ ಮನುಷ್ಯನನ್ನೂ ತಪ್ಪು ಸಾಬೀತಾಗುವ ತನಕ ನಿರಪರಾಧಿ ಅಂತಲೇ ನೋಡಬೇಕು ಅನ್ನುವ ಮಾತನ್ನು ಗ್ಯಾರೋ 1791ರ ಒಂದು ಕೊಲೆ ವಿಚಾರಣೆಯಲ್ಲಿ ಆಡಿದ್ದು ದಾಖಲೆಯಲ್ಲಿದೆ. ಇವತ್ತು ನಮ್ಮ ಹೈಸ್ಕೂಲ್ ಮಕ್ಕಳಿಗೂ ಗೊತ್ತಿರುವ ಮಾತು ಇದು. ಆಗ ಅದನ್ನು ಕೋರ್ಟಿನಲ್ಲಿ ವಾದ ಮಾಡಿ ಹೇಳಬೇಕಿತ್ತು.

ಇದೇ ಗ್ಯಾರೋ ಮುಂದೆ ಸರ್ಕಾರದ ಪರ ಕೇಸು ನಡೆಸಿದರು, 1813ರಲ್ಲಿ ಅಟಾರ್ನಿ ಜನರಲ್ ಆದರು, 1817ರಲ್ಲಿ ನ್ಯಾಯಾಧೀಶರಾದರು. ಕಟಕಟೆಯ ಎರಡೂ ಬದಿಯನ್ನು ಕಂಡವರು.

ಎರ್ಸ್ಕಿನ್ ಕಳೆದುಕೊಂಡ ಹುದ್ದೆ

ಗ್ಯಾರೋ ಕಾಲದವರೇ ಇನ್ನೊಬ್ಬರು ಥಾಮಸ್ ಎರ್ಸ್ಕಿನ್. ರಾಜಕುಮಾರನಿಗೆ ಅವರು ಅಟಾರ್ನಿ ಜನರಲ್ ಆಗಿದ್ದರು. 1792ರಲ್ಲಿ ಥಾಮಸ್ ಪೇನ್ ಅನ್ನುವ ಲೇಖಕರ ಮೇಲೆ ಸರ್ಕಾರ ಕೇಸು ಹಾಕಿತು. ರಾಜರ ಆಳ್ವಿಕೆಯನ್ನು ಪ್ರಶ್ನಿಸಿ, ಜನರ ಹಕ್ಕುಗಳ ಬಗ್ಗೆ ಪೇನ್ ಪುಸ್ತಕ ಬರೆದಿದ್ದರು. ಲಂಡನ್ನಿನ ದೊಡ್ಡವರೆಲ್ಲ ಅವರ ಮೇಲೆ ಕೆಂಡ ಕಾರುತ್ತಿದ್ದರು. ಈ ಕೇಸು ಹಿಡಿಯಬೇಡಿ ಅಂತ ಎರ್ಸ್ಕಿನ್ ಮೇಲೆ ಒತ್ತಡ ಬಂತು. ಅವರು ಹಿಡಿದರು. ಕೇಸು ಸೋತರು, ಹುದ್ದೆಯೂ ಹೋಯಿತು.

ಆ ವಿಚಾರಣೆಯಲ್ಲಿ ಎರ್ಸ್ಕಿನ್ ಹೇಳಿದ್ದರ ಸಾರ ಇಷ್ಟು: ಈ ಕೇಸು ನಡೆಸುತ್ತೇನೆ, ಆ ಕೇಸು ನಡೆಸುವುದಿಲ್ಲ ಅಂತ ವಕೀಲರೇ ಆರಿಸತೊಡಗಿದರೆ, ಆರೋಪಿ ತಪ್ಪಿತಸ್ಥನೋ ಅಲ್ಲವೋ ಅಂತ ವಿಚಾರಣೆಗೆ ಮೊದಲೇ ತೀರ್ಪು ಕೊಟ್ಟ ಹಾಗಾಗುತ್ತದೆ. ಹೆಸರುವಾಸಿ ವಕೀಲರೇ ಹಿಂದೆ ಸರಿದರೆ ಜ್ಯೂರಿಯೂ "ಇವನದು ತಪ್ಪೇ ಇರಬೇಕು" ಅಂದುಕೊಳ್ಳುತ್ತದೆ. ಕೇಸು ಆರಿಸುವಂತಿಲ್ಲ ಅನ್ನುವ ಬ್ಯಾರಿಸ್ಟರ್‌ಗಳ ನಿಯಮದ ಮಾತು ಬಂದಾಗ ಇವತ್ತಿಗೂ ಈ ಭಾಷಣವನ್ನು ನೆನೆಯುತ್ತಾರೆ.

"ನಾನೇ ಕೊಂದೆ, ನೀವು ವಾದ ಮುಂದುವರಿಸಿ"

ಕೊನೆಗೆ 1836ರಲ್ಲಿ ಕಾನೂನು ಬಂತು. ಯಾವುದೇ ಗಂಭೀರ ಅಪರಾಧದ ಆರೋಪಿಯ ಪರ ಬ್ಯಾರಿಸ್ಟರ್ ಪೂರ್ತಿ ವಾದ ಮಾಡಬಹುದು, ಜ್ಯೂರಿಯ ಮುಂದೆ ಮಾತಾಡಬಹುದು ಅಂತ ಆಯಿತು. ವಕೀಲರ ಮಾತಿನ ಮೋಡಿಗೆ ಕೊಲೆಗಾರರು ಪಾರಾಗುತ್ತಾರೆ ಅನ್ನುವ ಹೆದರಿಕೆ ಹಲವು ನ್ಯಾಯಾಧೀಶರಿಗೇ ಇತ್ತು. ನಾಲ್ಕೇ ವರ್ಷಕ್ಕೆ ಆ ಹೆದರಿಕೆಯನ್ನು ಪರೀಕ್ಷೆ ಮಾಡುವ ಕೇಸು ಬಂತು.

1840ರ ಮೇ ತಿಂಗಳು. ಲಂಡನ್ನಿನಲ್ಲಿ ಲಾರ್ಡ್ ವಿಲಿಯಂ ರಸೆಲ್ ಎಂಬ 72 ವರ್ಷದ ಶ್ರೀಮಂತರು ಹಾಸಿಗೆಯಲ್ಲೇ ಕತ್ತು ಕೊಯ್ದ ಸ್ಥಿತಿಯಲ್ಲಿ ಸಿಕ್ಕರು. ಅನುಮಾನ ಹೋದದ್ದು ಮನೆಯ ಸೇವಕನ ಮೇಲೆ. ಸ್ವಿಟ್ಜರ್ಲೆಂಡಿನವನು, ಹೆಸರು ಕುರ್ವಾಸಿಯೇ. ಅವನ ಪರ ನಿಂತವರು ಚಾರ್ಲ್ಸ್ ಫಿಲಿಪ್ಸ್, ಐರ್ಲೆಂಡಿನ ಬ್ಯಾರಿಸ್ಟರ್, ಮಾತಿನಲ್ಲಿ ನಿಸ್ಸೀಮರು. ಮೊದಲ ದಿನ ಅವರು ಮನೆಕೆಲಸದಾಕೆಯನ್ನು, ಪೊಲೀಸರನ್ನು ಕಟುವಾಗಿ ಪ್ರಶ್ನಿಸಿದರು. ಬಹುಮಾನದ ಆಸೆಗೆ ಪೊಲೀಸರೇ ಸಾಕ್ಷ್ಯ ಇಟ್ಟಿರಬಹುದು ಅನ್ನುವ ಹಾಗೆ ವಾದ ಕಟ್ಟಿದರು.

ಅಷ್ಟರಲ್ಲಿ ಹೊಸ ಸಾಕ್ಷಿ ಬಂತು. ಕಳವಾದ ಬೆಳ್ಳಿ ಸಾಮಾನನ್ನು ಕುರ್ವಾಸಿಯೇ ತನ್ನ ಬಳಿ ಬಿಟ್ಟು ಹೋಗಿದ್ದ ಅಂತ ಹೋಟೆಲಿನ ಒಡತಿಯೊಬ್ಬರು ಮುಂದೆ ಬಂದರು. ಆಗ ಆರೋಪಿ ತನ್ನ ವಕೀಲರನ್ನು ಕಟಕಟೆಯ ಬಳಿಗೆ ಕರೆಸಿ ಕೊಲೆ ಮಾಡಿದ್ದು ತಾನೇ ಅಂತ ಒಪ್ಪಿಕೊಂಡ. ಆದರೆ ತಪ್ಪೊಪ್ಪಿಗೆ ಕೊಡಲು ತಯಾರಿರಲಿಲ್ಲ. ಕೊನೆಯ ತನಕ ನೀವೇ ನನ್ನ ಪರ ವಾದ ಮಾಡಬೇಕು ಅಂತ ಪಟ್ಟು ಹಿಡಿದ.

ಫಿಲಿಪ್ಸ್ ಕಂಗಾಲಾದರು. ಕೇಸು ಬಿಟ್ಟು ಹೋದರೆ ಜ್ಯೂರಿಗೆ ಕಾರಣ ಹೇಳದೆಯೂ ತಿಳಿದುಹೋಗುತ್ತದೆ. ಮುಂದುವರಿಸಿದರೆ ಆತ್ಮಸಾಕ್ಷಿಯ ಪ್ರಶ್ನೆ. ಪೀಠದಲ್ಲಿ ಕೂತಿದ್ದ ನ್ಯಾಯಾಧೀಶರಲ್ಲಿ ಒಬ್ಬರಾದ ಬ್ಯಾರನ್ ಪಾರ್ಕ್ ಅವರನ್ನು ಗುಟ್ಟಾಗಿ ಕೇಳಿದರು. ಆರೋಪಿ ಬಯಸಿದರೆ ನೀವು ಮುಂದುವರಿಯಲೇಬೇಕು, ಸಾಕ್ಷ್ಯದಿಂದ ಹುಟ್ಟುವ ನ್ಯಾಯವಾದ ವಾದಗಳನ್ನೆಲ್ಲ ಮಾಡಬೇಕು ಅಂತ ಉತ್ತರ ಬಂತು. ಫಿಲಿಪ್ಸ್ ಮುಂದುವರಿಸಿದರು. ಜ್ಯೂರಿ ತಪ್ಪಿತಸ್ಥ ಎಂದಿತು. 1840ರ ಜುಲೈ 6ರಂದು ಸಾವಿರಾರು ಜನರ ಎದುರು ಕುರ್ವಾಸಿಯೇಯನ್ನು ನೇಣು ಹಾಕಿದರು. ಆ ಗುಂಪಿನಲ್ಲಿ ಲೇಖಕ ಚಾರ್ಲ್ಸ್ ಡಿಕೆನ್ಸ್ ಕೂಡ ಇದ್ದರು.

ಸುದ್ದಿ ಹೊರಗೆ ಬಿದ್ದಾಗ ಫಿಲಿಪ್ಸ್ ಮೇಲೆ ಪತ್ರಿಕೆಗಳು ಮುಗಿಬಿದ್ದವು. ಕೊಂದವನು ಇವನೇ ಅಂತ ಗೊತ್ತಿದ್ದೂ ಬೇರೆಯವರ ಮೇಲೆ ಅನುಮಾನ ಬರುವಂತೆ ಮಾತಾಡಿದರು ಅನ್ನುವುದು ಆರೋಪ. ವರ್ಷಗಳ ನಂತರವೂ ಆ ಜಗಳ ಮತ್ತೆ ಎದ್ದಿತು.

ಚಹಾ ಅಂಗಡಿಯ ಪ್ರಶ್ನೆಗೆ ಉತ್ತರ ಈ ಜಗಳದಲ್ಲೇ ಇದೆ. ಇವತ್ತು ಬ್ಯಾರಿಸ್ಟರ್‌ಗಳು ಪಾಲಿಸುವ ನಿಯಮ ಸ್ಪಷ್ಟ. ಕಕ್ಷಿದಾರ ಒಪ್ಪಿಕೊಂಡಿದ್ದರೂ ಅವನ ಪರ ನಿಲ್ಲಬಹುದು. ಪ್ರಾಸಿಕ್ಯೂಷನ್ ತಂದ ಸಾಕ್ಷ್ಯ ಗಟ್ಟಿ ಇದೆಯೇ ಅಂತ ಪರೀಕ್ಷೆ ಮಾಡಬಹುದು. ಆದರೆ "ಇವನು ಮಾಡಿಲ್ಲ, ಅವನು ಮಾಡಿದ" ಅಂತ ಹೇಳುವಂತಿಲ್ಲ. ಅವನನ್ನು ಸಾಕ್ಷಿ ಕಟ್ಟೆ ಹತ್ತಿಸಿ ಸುಳ್ಳು ಹೇಳಿಸುವಂತಿಲ್ಲ. ವಕೀಲರು ಆರೋಪಿಯ ಪರ ನಿಲ್ಲಬಹುದು, ಸುಳ್ಳಿನ ಪರ ನಿಲ್ಲುವಂತಿಲ್ಲ. ಆ ಎರಡರ ನಡುವಿನ ಗೆರೆ ತೆಳ್ಳಗಿದೆ. ಅದರ ಮೇಲೆ ನಡೆಯುವುದೇ ಅವರ ಕಸುಬು.

ಶಿಕ್ಷೆ ಕೊಡಿಸುವವರ ಧರ್ಮ

ಎದುರು ಬದಿಯವರಿಗೂ ಗೆರೆ ಇದೆ. ಪ್ರಾಸಿಕ್ಯೂಷನ್ ನಡೆಸುವ ಬ್ಯಾರಿಸ್ಟರ್ ಹೇಗಾದರೂ ಶಿಕ್ಷೆ ಕೊಡಿಸಲೇಬೇಕು ಅಂತ ಗುದ್ದಾಡಬಾರದು, ನ್ಯಾಯಕ್ಕೆ ಸೇವೆ ಮಾಡುವವರ ಹಾಗೆ ನಡೆದುಕೊಳ್ಳಬೇಕು ಅಂತ 1865ರಲ್ಲಿ ಒಬ್ಬ ಇಂಗ್ಲಿಷ್ ನ್ಯಾಯಾಧೀಶರು ಹೇಳಿದರು. ಆ ಮಾತು ನಿಯಮವಾಗಿ ಉಳಿಯಿತು. 1879ರ ಕಾನೂನಿನಿಂದ ಸರ್ಕಾರದ ಕಡೆಯಿಂದ ದೊಡ್ಡ ಕೇಸುಗಳನ್ನು ನೋಡಿಕೊಳ್ಳುವ ನಿರ್ದೇಶಕರ ಹುದ್ದೆ ಬಂತು. ಕೋರ್ಟಿನಲ್ಲಿ ನಿಂತು ವಾದ ಮಾಡುವವರು ಮಾತ್ರ ಎರಡೂ ಕಡೆಗೆ ಹೋಗುವ ಅದೇ ಬ್ಯಾರಿಸ್ಟರ್‌ಗಳು.

ಇನ್ನೊಂದು ಸಂಗತಿ ಕೇಳಿದರೆ ಆಶ್ಚರ್ಯವಾಗುತ್ತದೆ. 1898ರ ತನಕ ಇಂಗ್ಲೆಂಡಿನಲ್ಲಿ ಕೊಲೆ ಆರೋಪಿ ಪ್ರಮಾಣ ಮಾಡಿ ತನ್ನ ಪರ ತಾನೇ ಸಾಕ್ಷಿ ಹೇಳುವಂತಿರಲಿಲ್ಲ. ಆ ವರ್ಷ ಅವಕಾಶ ಬಂತು. ಅದು ಎರಡು ಅಲಗಿನ ಕತ್ತಿ ಅನ್ನುವುದು ಎಡ್ವರ್ಡ್ ಮಾರ್ಷಲ್ ಹಾಲ್ ನಡೆಸಿದ ಎರಡು ಕೇಸುಗಳಲ್ಲಿ ಕಂಡಿತು. 1907ರಲ್ಲಿ ರಾಬರ್ಟ್ ವುಡ್ ಎಂಬ ಯುವಕನ ಮೇಲೆ ಕೊಲೆ ಆರೋಪ ಇತ್ತು. ಆತ ಸಾಕ್ಷಿ ಕಟ್ಟೆ ಹತ್ತಿದ, ಬಿಡುಗಡೆಯಾದ. 1912ರಲ್ಲಿ ಫ್ರೆಡರಿಕ್ ಸೆಡನ್ ಎಂಬವನ ಮೇಲೆ ಮನೆಯಲ್ಲಿ ಬಾಡಿಗೆಗಿದ್ದ ಹೆಂಗಸಿಗೆ ವಿಷ ಹಾಕಿ ಕೊಂದ ಆರೋಪ ಇತ್ತು. ಅವನೂ ಕಟ್ಟೆ ಹತ್ತಿದ. ಎದುರಿಗೆ ಅಟಾರ್ನಿ ಜನರಲ್ ರೂಫಸ್ ಐಸಾಕ್ಸ್. ಅವರು ಕೂಗಾಡಲಿಲ್ಲ. ಆಕೆಯ ಬಗ್ಗೆ ನಿನಗೆ ಪ್ರೀತಿ ಇತ್ತೇ ಅಂತ ಮೆಲ್ಲಗೆ ಕೇಳಿದರು. ಇತ್ತು ಅಂದರೆ ಆಕೆ ಸತ್ತ ಮೇಲೆ ಅವನು ನಡೆದುಕೊಂಡ ರೀತಿ ಹೊಂದುವುದಿಲ್ಲ. ಇರಲಿಲ್ಲ ಅಂದರೆ ಇನ್ನೂ ಕಷ್ಟ. ಸೆಡನ್ ನೇಣಿಗೇರಿದ. ಇದೇ ರೂಫಸ್ ಐಸಾಕ್ಸ್ ಮುಂದೆ ಲಾರ್ಡ್ ರೀಡಿಂಗ್ ಅನ್ನುವ ಹೆಸರಿನಲ್ಲಿ 1921ರಿಂದ 1926ರ ತನಕ ಭಾರತದ ವೈಸ್‌ರಾಯ್ ಆಗಿದ್ದರು.

ಕೂಲಿ ಹುಡುಗನಿಂದ ಬಂದ ತೀರ್ಪು

ಇಲ್ಲಿಯ ತನಕ ಬಂದವರು ಹೆಚ್ಚಾಗಿ ಲಂಡನ್ನಿನವರು. ಈ ಕತೆಯ ದೊಡ್ಡ ತೀರ್ಪು ಬಂದದ್ದು ಹಳ್ಳಿಯ ಕೂಲಿ ಹುಡುಗನೊಬ್ಬನ ಕೇಸಿನಿಂದ.

ರೆಜಿನಾಲ್ಡ್ ವೂಲ್ಮಿಂಗ್ಟನ್, 21 ವರ್ಷ, ಡಾರ್ಸೆಟ್ ಜಿಲ್ಲೆಯಲ್ಲಿ ಜಮೀನು ಕೆಲಸಕ್ಕೆ ಹೋಗುವವನು. 1934ರಲ್ಲಿ ಮದುವೆಯಾಯಿತು, ಮಗುವೂ ಆಯಿತು. ಜಗಳ ಮಾಡಿಕೊಂಡ ಹೆಂಡತಿ ತವರಿಗೆ ಹೋದಳು. ಡಿಸೆಂಬರಿನಲ್ಲಿ ಅವನು ಯಜಮಾನನ ಬಂದೂಕು ಕದ್ದು, ಅದರ ನಳಿಗೆ ಕತ್ತರಿಸಿ, ಕೋಟಿನೊಳಗೆ ಅಡಗಿಸಿಕೊಂಡು ಅವಳಿದ್ದಲ್ಲಿಗೆ ಹೋದ. ಗುಂಡು ಹಾರಿತು, ಅವಳು ಸತ್ತಳು. ನೀನು ಬರದಿದ್ದರೆ ಸಾಯುತ್ತೇನೆ ಅಂತ ಹೆದರಿಸಲು ಬಂದೂಕು ತೋರಿಸಿದೆ, ತಾನಾಗಿ ಹಾರಿತು ಅನ್ನುವುದು ಅವನ ಹೇಳಿಕೆ.

ನಿಮಗೆ ಇದನ್ನು ನಂಬಲು ಆಗುತ್ತದೆಯೇ? ಕಷ್ಟ. ಆಗಿನ ಜನಕ್ಕೂ ಕಷ್ಟವಾಗಿತ್ತು. ಜೆ.ಡಿ. ಕ್ಯಾಸ್ವೆಲ್ ಎಂಬ ಬ್ಯಾರಿಸ್ಟರ್ ಅವನ ಪರ ನಿಂತರು. ಮೊದಲ ವಿಚಾರಣೆಯಲ್ಲಿ ಜ್ಯೂರಿಗೆ ಒಮ್ಮತ ಬರಲಿಲ್ಲ. ಎರಡನೆಯದು ಬ್ರಿಸ್ಟಲ್‌ನಲ್ಲಿ ನಡೆಯಿತು. ಅಲ್ಲಿ ನ್ಯಾಯಾಧೀಶರು ಜ್ಯೂರಿಗೆ ಹೇಳಿದ ಮಾತು ಇದು: ಗುಂಡು ಇವನ ಕೈಯಿಂದ ಹಾರಿದೆ ಅನ್ನುವುದು ಖಚಿತ. ಆಕಸ್ಮಿಕ ಅಂತ ಸಾಬೀತು ಮಾಡುವ ಹೊಣೆ ಇನ್ನು ಆರೋಪಿಯದು. ಜ್ಯೂರಿ ತಪ್ಪಿತಸ್ಥ ಅಂದಿತು. ಮರಣದಂಡನೆ ಆಯಿತು. ಮೇಲ್ಮನವಿಯೂ ಬಿತ್ತು.

ಉಳಿದದ್ದು ದೇಶದ ಕಟ್ಟಕಡೆಯ ಕೋರ್ಟು, ಲಾರ್ಡ್ಸ್ ಸಭೆ. ಅಲ್ಲಿಗೆ ಹೋಗಲು ಸರ್ಕಾರದ ಅಟಾರ್ನಿ ಜನರಲ್ ಅವರ ಒಪ್ಪಿಗೆ ಪತ್ರ ಬೇಕಿತ್ತು. ಅಂದರೆ ಎದುರು ಪಕ್ಷದವರೇ ಬಾಗಿಲು ತೆಗೆಯಬೇಕು. ಅವರು ತೆಗೆದರು. 1935ರ ಏಪ್ರಿಲ್‌ನಲ್ಲಿ ವೂಲ್ಮಿಂಗ್ಟನ್ ಬಿಡುಗಡೆಯಾದ. ಆರೋಪಿ ತನ್ನ ನಿರಪರಾಧವನ್ನು ಸಾಬೀತು ಮಾಡಬೇಕಿಲ್ಲ, ಅಪರಾಧವನ್ನು ಸಾಬೀತು ಮಾಡುವ ಹೊಣೆ ಪ್ರಾಸಿಕ್ಯೂಷನ್‌ದೇ, ಇದು ಇಡೀ ಕ್ರಿಮಿನಲ್ ಕಾನೂನಿನಲ್ಲಿ ಹಾದುಹೋಗುವ ಚಿನ್ನದ ಎಳೆ ಅಂತ ಲಾರ್ಡ್ ಸ್ಯಾಂಕಿ ತೀರ್ಪು ಬರೆದರು. ಅವನು ಒಳ್ಳೆಯವನು ಅಂತ ಆ ತೀರ್ಪು ಹೇಳಲಿಲ್ಲ. ಗುಂಡು ಬೇಕೆಂದೇ ಹಾರಿಸಿದನೋ ಇಲ್ಲವೋ ಅನ್ನುವ ಅನುಮಾನ ಉಳಿದಿದ್ದರೆ ನೇಣು ಹಾಕುವಂತಿಲ್ಲ ಅಂತ ಹೇಳಿತು, ಅಷ್ಟೇ.

ಗ್ಯಾರೋ 1791ರಲ್ಲಿ ವಾದವಾಗಿ ಹೇಳಿದ್ದು ದೇಶದ ಅತಿ ದೊಡ್ಡ ಕೋರ್ಟಿನಲ್ಲಿ ಅಲುಗಾಡದ ನಿಯಮವಾಗಲು 144 ವರ್ಷ ಬೇಕಾಯಿತು. ನಮ್ಮ ದೇಶದ ಕೋರ್ಟುಗಳು ಇವತ್ತಿಗೂ ಈ ತೀರ್ಪನ್ನು ಉಲ್ಲೇಖಿಸುತ್ತವೆ.

ಆ ಎಳೆ ನಮ್ಮ ತನಕ

ಭಾರತಕ್ಕೆ ಈ ಕಸುಬು ಬ್ರಿಟಿಷರ ಜೊತೆ ಬಂತು, ಅವರಿಗೇ ತಿರುಗುಬಾಣವೂ ಆಯಿತು. 1908ರ ಅಲಿಪುರ ಬಾಂಬ್ ಕೇಸಿನಲ್ಲಿ ಸರ್ಕಾರದ ಪರ ವಾದಿಸಿದವರು ಮದ್ರಾಸಿನ ಹೆಸರಾಂತ ಬ್ಯಾರಿಸ್ಟರ್ ಆರ್ಡ್ಲಿ ನಾರ್ಟನ್. ಒಂದು ಕಾಲಕ್ಕೆ ಕಾಂಗ್ರೆಸ್ಸಿನಲ್ಲೂ ಕೆಲಸ ಮಾಡಿದ್ದವರು. ಅರವಿಂದ ಘೋಷರ ಪರ ನಿಂತವರು ಬ್ಯಾರಿಸ್ಟರ್ ಚಿತ್ತರಂಜನ್ ದಾಸ್. ನ್ಯಾಯಾಧೀಶ ಬೀಚ್‌ಕ್ರಾಫ್ಟ್ ಅರವಿಂದರ ಜೊತೆ ಐಸಿಎಸ್ ಪರೀಕ್ಷೆ ಬರೆದಿದ್ದ ಇಂಗ್ಲಿಷರು. 1909ರ ಮೇ ತಿಂಗಳಲ್ಲಿ ಅವರು ಅರವಿಂದರನ್ನು ಬಿಡುಗಡೆ ಮಾಡಿದರು. ಬ್ರಿಟಿಷ್ ಸರ್ಕಾರದ ಕೇಸನ್ನು ಬ್ರಿಟಿಷರ ಕಾನೂನಿನಿಂದಲೇ ಸೋಲಿಸಿದ ಹಾಗಾಯಿತು.

ಸ್ವಾತಂತ್ರ್ಯ ಬಂದ ಮೇಲೆ, ಬ್ಯಾರಿಸ್ಟರ್ ಅಂಬೇಡ್ಕರ್ ಕರಡು ಸಮಿತಿಯ ಅಧ್ಯಕ್ಷರಾಗಿದ್ದ ಸಂವಿಧಾನದ 22ನೇ ವಿಧಿಯಲ್ಲಿ, ಬಂಧಿತರಾದ ವ್ಯಕ್ತಿಗೆ ತನಗೆ ಬೇಕಾದ ವಕೀಲರ ನೆರವು ಪಡೆಯುವ ಹಕ್ಕು ಬರೆದಿಟ್ಟಿದೆ. ಇಂಗ್ಲೆಂಡಿನ ಬಡವನಿಗೆ ಶತಮಾನಗಳು ಕಾಯಬೇಕಾಗಿ ಬಂದದ್ದು ನಮ್ಮ ಬಡವನಿಗೆ ಗಣರಾಜ್ಯದ ಮೊದಲ ದಿನವೇ ಕಾಗದದ ಮೇಲಾದರೂ ಸಿಕ್ಕಿತು.

1961ರ ವಕೀಲರ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಬ್ಯಾರಿಸ್ಟರ್ ಅನ್ನುವ ಬೇರೆ ವರ್ಗ ಉಳಿಯಲಿಲ್ಲ, ಎಲ್ಲರೂ ವಕೀಲರೇ. ಆದರೆ ಹಳೆಯ ನಿಯಮ ಉಳಿಯಿತು. ಆರೋಪಿ ತಪ್ಪು ಮಾಡಿದ್ದಾನೆ ಅಂತ ಸ್ವಂತಕ್ಕೆ ಅನ್ನಿಸಿದರೂ ಅವನ ಪರ ನಿಲ್ಲಬೇಕು, ಪ್ರಾಸಿಕ್ಯೂಷನ್ ನಡೆಸುವವರು ನಿರಪರಾಧಿಗೆ ಶಿಕ್ಷೆ ಆಗದ ಹಾಗೆ ನಡೆಸಬೇಕು ಅಂತ ಭಾರತೀಯ ವಕೀಲರ ಪರಿಷತ್ತಿನ ನಿಯಮಗಳೇ ಹೇಳುತ್ತವೆ.

ಆದರೂ ಕೆಲವು ಕಡೆ ವಕೀಲರ ಸಂಘಗಳು "ಇಂಥ ಆರೋಪಿಯ ಪರ ಯಾರೂ ವಕಾಲತ್ತು ಹಾಕಬಾರದು" ಅಂತ ನಿರ್ಣಯ ಮಾಡುತ್ತವೆ. ಕೊಯಮತ್ತೂರಿನ ಅಂಥದ್ದೊಂದು ನಿರ್ಣಯದ ವಿಷಯ 2010ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂತು. ಇಂಥ ನಿರ್ಣಯಗಳಿಗೆ ಕಾನೂನಿನ ಬಲವಿಲ್ಲ, ಅವು ವಕೀಲ ವೃತ್ತಿಯ ನೀತಿಗೇ ವಿರುದ್ಧ ಅಂತ ಕೋರ್ಟು ಹೇಳಿತು. ಆ ತೀರ್ಪಿನಲ್ಲಿ ಪೇನ್ ಕೇಸಿನ ಎರ್ಸ್ಕಿನ್ ಅವರನ್ನು ನೆನೆಯಲಾಗಿದೆ. 1792ರಲ್ಲಿ ಲಂಡನ್ನಿನಲ್ಲಿ ಹುದ್ದೆ ಕಳೆದುಕೊಂಡವರ ಮಾತು 218 ವರ್ಷದ ನಂತರ ದೆಹಲಿಯಲ್ಲಿ ಕೆಲಸ ಮಾಡಿತು.

ನಮ್ಮ ರಾಜ್ಯದಲ್ಲೂ ಇದು ನಡೆದಿದೆ. 2020ರಲ್ಲಿ ಹುಬ್ಬಳ್ಳಿಯಲ್ಲಿ ದೇಶದ್ರೋಹದ ಆರೋಪ ಬಂದ ವಿದ್ಯಾರ್ಥಿಗಳ ಪರ ಯಾರೂ ನಿಲ್ಲಬಾರದು ಅಂತ ಅಲ್ಲಿನ ವಕೀಲರ ಸಂಘ ನಿರ್ಣಯ ಮಾಡಿತು. ಅದನ್ನು ಪ್ರಶ್ನಿಸಿ ಹೈಕೋರ್ಟಿಗೆ ಹೋದವರೂ ವಕೀಲರೇ. ಹೈಕೋರ್ಟು ಆ ನಿರ್ಣಯವನ್ನು ಕಟುವಾಗಿ ಟೀಕಿಸಿತು. ಆ ವಿದ್ಯಾರ್ಥಿಗಳು ಮಾಡಿದ್ದು ಸರಿ ಅಂತ ಹೈಕೋರ್ಟು ಹೇಳಲಿಲ್ಲ. ಅದನ್ನು ತೀರ್ಮಾನಿಸುವ ಜಾಗ ವಕೀಲರ ಸಂಘದ ಸಭೆಯಲ್ಲ, ವಿಚಾರಣೆ ನಡೆಸುವ ಕೋರ್ಟು.

ಚಹಾ ಅಂಗಡಿಗೆ ಉತ್ತರ

ಆ ಪ್ರಶ್ನೆ ಕೇಳುವವರಿಗೆ ಈಗ ನಾನು ಒಂದು ಲೆಕ್ಕ ಹೇಳುತ್ತೇನೆ. ಜಮೀನಿನ ಬದುವಿಗಾಗಿ ಜಗಳವಾಗುತ್ತದೆ. ಒಬ್ಬರಿಗೆ ಪೆಟ್ಟಾಗಿ ಸಾಯುತ್ತಾರೆ. ದೂರಿನಲ್ಲಿ ಆ ದಿನ ಊರಲ್ಲೇ ಇಲ್ಲದ ಅಣ್ಣ ತಮ್ಮಂದಿರ ಹೆಸರೂ ಸೇರುತ್ತದೆ. ಇಂಥದ್ದು ಹಳ್ಳಿಗಳಿಗೆ ಹೊಸದಲ್ಲ. ಆ ಐದು ಹೆಸರಿನಲ್ಲಿ ಹೊಡೆದವರು ಯಾರು, ದ್ವೇಷಕ್ಕೆ ಸೇರಿದ ಹೆಸರು ಯಾವುದು ಅಂತ ಬೇರೆ ಮಾಡುವುದು ಪಾಟಿ ಸವಾಲಿನಿಂದ. "ಕೊಲೆ ಆರೋಪಿಗೆ ವಕೀಲರು ಬೇಡ" ಅಂದರೆ ಆ ಐವರಿಗೂ ಬೇಡ ಅಂದ ಹಾಗೆ.

ಸತ್ತವರ ಮನೆಯವರಿಗೂ ಇದರಲ್ಲಿ ಪಾಲಿದೆ. ಯಾರೂ ಪ್ರಶ್ನೆ ಮಾಡದೆ ಕೊಟ್ಟ ಶಿಕ್ಷೆ ಮೇಲಿನ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಗಟ್ಟಿ ವಕೀಲರು ಎದುರಿಗಿದ್ದೂ ಸಾಬೀತಾದ ಅಪರಾಧಕ್ಕೆ ಬಿದ್ದ ಶಿಕ್ಷೆ ಉಳಿಯುತ್ತದೆ. ತಪ್ಪು ಮನುಷ್ಯ ಜೈಲಿಗೆ ಹೋದರೆ ನಿಜವಾಗಿ ಕೊಂದವನು ಊರಲ್ಲೇ ಓಡಾಡಿಕೊಂಡಿರುತ್ತಾನೆ.

ಫೀಸಿಗೆ ದುಡ್ಡಿಲ್ಲದವರು ಏನು ಮಾಡಬೇಕು ಅಂತ ಕೆಲವರು ಕೇಳುತ್ತಾರೆ. ಸೆಷನ್ಸ್ ಕೇಸಿನ ಆರೋಪಿಗೆ ವಕೀಲರನ್ನು ಇಟ್ಟುಕೊಳ್ಳುವ ಶಕ್ತಿ ಇಲ್ಲದಿದ್ದರೆ ಸರ್ಕಾರದ ಖರ್ಚಿನಲ್ಲಿ ಕೋರ್ಟು ವಕೀಲರನ್ನು ಕೊಡಬೇಕು. ಇದು ಕಾನೂನು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇರುವುದು ಅದಕ್ಕೇ, ತಾಲ್ಲೂಕು ಮಟ್ಟದಲ್ಲೂ ಸಮಿತಿ ಇರುತ್ತದೆ. ಉಚಿತ ಸಹಾಯವಾಣಿ ಸಂಖ್ಯೆ 15100. ಫೋನಿನಲ್ಲಿ ಇದನ್ನು ಓದುತ್ತಿರುವವರು ಆ ಸಂಖ್ಯೆಯನ್ನು ಸೇವ್ ಮಾಡಿಟ್ಟುಕೊಳ್ಳಿ. ಬೇಕಾಗದೇ ಇರಲಿ, ಬೇಕಾದ ದಿನ ಹುಡುಕುವ ಹಾಗಾಗಬಾರದು.